ಗಾಡಿ ಪ್ರಶ್ನೆ: ಮರಳಿನ ಮೂಟೆ ಹೊತ್ತರೆ ಪಿಕಪ್ ಜಾರುವುದಿಲ್ಲವೇ?

ಪ್ರಶ್ನೆ: ನನ್ನ ಮಗ ಕೆನಡಾದ ಕ್ಯಾಲ್ಗರಿಯಲ್ಲಿದ್ದಾನೆ. ಮನೆಗಳಿಗೆ ಹೀಟರ್ ಕೂರಿಸುವ ಕೆಲಸ. ಸಾಮಾನು ಸಾಗಿಸಲು ಒಂದು ಹಳೇ ಪಿಕಪ್ ಕೊಂಡಿದ್ದಾನೆ. ಹಿಂದಿನ ಗಾಲಿ ಮಾತ್ರ ಎಳೆಯುವ ಗಾಡಿಯಂತೆ. ಹೋದ ವಾರ ವಿಡಿಯೋ ಕಳಿಸಿದ್ದ. ಮನೆ ಮುಂದಿನ ಸಣ್ಣ ಏರಿನಲ್ಲಿ ಗಾಲಿ ಗಿರ್ರನೆ ಸುತ್ತುತ್ತಿದೆ, ಗಾಡಿ ಇದ್ದಲ್ಲೇ ಇದೆ. ಪಕ್ಕದ ಮನೆಯವರು ಹಿಂದೆ ನಾಲ್ಕೈದು ಮರಳಿನ ಮೂಟೆ ಹಾಕ್ಕೋ ಎಂದರಂತೆ. ಅವನ ಗೆಳೆಯ, ಅದೆಲ್ಲ ಹಳೇ ಕಾಲದ್ದು, ಇದನ್ನು ಮಾರಿ ನಾಲ್ಕೂ ಗಾಲಿ ಎಳೆಯುವ ಫೋರ್ ಬೈ ಫೋರ್ ತಗೋ ಎನ್ನುತ್ತಾನಂತೆ. ನನಗೆ ಗಾಡಿ ವಿಷಯ ಗೊತ್ತಿಲ್ಲ. ಆದರೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಲೆಕ್ಕದಲ್ಲಿ ಹೇಳಿದರೆ ಅರ್ಥವಾಗುತ್ತದೆ. ಯಾರ ಮಾತು ಸರಿ?
– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ಮೇಡಂ, ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಟೈರಿನ ಸುದ್ದಿಯೇ ಎತ್ತಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದು. ಇರಲಿ, ನೀವು ಕೇಳಿದ್ದು ಮೂಟೆ ಲೆಕ್ಕ, ಅದನ್ನೇ ಮೊದಲು ನೋಡೋಣ.

ಪಿಕಪ್‌ನಲ್ಲಿ ಇಂಜಿನ್ನು, ಗೇರ್‌ಬಾಕ್ಸು, ಕ್ಯಾಬಿನ್ನು, ಕೂರುವ ಜನ ಎಲ್ಲ ಮುಂದೆ. ಹಿಂದೆ ಬರೀ ತಗಡಿನ ಬಾಡಿ. ಗಾಡಿ ಖಾಲಿ ಇದ್ದಾಗ ತೂಕದ 100ರಲ್ಲಿ 60 ಪಾಲು ಮುಂದಿನ ಗಾಲಿಗಳ ಮೇಲೆ, 40 ಪಾಲು ಹಿಂದಿನ ಗಾಲಿಗಳ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಎಳೆಯುವ ಕೆಲಸ ಮಾತ್ರ ಪೂರ್ತಿ ಹಿಂದಿನದ್ದು. ಭಾರ ಇಲ್ಲದ ಗಾಲಿಗೆ ನೆಲ ಸಿಗುವುದಿಲ್ಲ. ನಿಮ್ಮ ಮಗನ ವಿಡಿಯೋದಲ್ಲಿ ಆಗಿರುವುದು ಇಷ್ಟೇ.

ಈಗ ಲೆಕ್ಕ. ಗಾಡಿ 2000 ಕೆ.ಜಿ. ಎನ್ನೋಣ. ಹಿಂದೆ 800 ಕೆ.ಜಿ. ಒಣ ಡಾಂಬರಿನಲ್ಲಿ ಘರ್ಷಣೆಯ ಅಂಕಿ ಸುಮಾರು 0.7. ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದಲ್ಲಿ ಅದು 0.2ರ ಆಸುಪಾಸು. ಬರೀ ಮಂಜುಗಡ್ಡೆ ಆದರೆ 0.1. ಗಾಲಿ ಮೇಲಿನ ಭಾರವನ್ನು ಈ ಅಂಕಿಯಿಂದ ಗುಣಿಸಿದರೆ ಎಳೆತ ಸಿಗುತ್ತದೆ. ಅಂದರೆ ಹಿಮದ ಮೇಲೆ ಹಿಂದಿನ ಗಾಲಿಗಳು ಹೆಚ್ಚೆಂದರೆ 160 ಕೆ.ಜಿ.ಯಷ್ಟು ಎಳೆಯಬಲ್ಲವು. 2000 ಕೆ.ಜಿ. ಗಾಡಿಯನ್ನು ಆ ಎಳೆತ 100 ಅಡಿಗೆ 8 ಅಡಿ ಎದ್ದಿರುವ ಏರಿನ ತನಕ ಹತ್ತಿಸುತ್ತದೆ. ಏರು ಅದಕ್ಕಿಂತ ಜಾಸ್ತಿ ಇದ್ದರೆ ಗಾಲಿ ಸುತ್ತುತ್ತದೆ ಅಷ್ಟೇ.

150 ಕೆ.ಜಿ. ಮರಳನ್ನು ಸರಿಯಾಗಿ ಹಿಂದಿನ ಆಕ್ಸಲ್ (ಗಾಲಿಗಳ ಅಚ್ಚು) ಮೇಲೆ ಇಡಿ. ಹಿಂದಿನ ಭಾರ 950 ಆಯಿತು. ಎಳೆತ 190. ಆದರೆ ಆ ಮರಳನ್ನೂ ಅದೇ ಗಾಲಿಗಳು ಏರಿಸಬೇಕಲ್ಲ! ಈಗ ಗಾಡಿ 2150. ಭಾಗಿಸಿ ನೋಡಿ, 8 ಅಡಿ ಇದ್ದದ್ದು 8.8 ಆಯಿತು. ಅಷ್ಟು ಮೂಟೆ ಹೊತ್ತು ಮುಕ್ಕಾಲು ಅಡಿ ಚಿಲ್ಲರೆ ಲಾಭ. ನಗಬೇಡಿ. ಮನೆ ಮುಂದಿನ ಸಣ್ಣ ಏರಿಗೆ ಎಷ್ಟೋ ಸಲ ಆ ಮುಕ್ಕಾಲು ಅಡಿಯೇ ಸಾಕು. ತಿರುವಿನಲ್ಲಿ ಹಿಂಭಾಗ ಬಾಲ ಅಲ್ಲಾಡಿಸಿದ ಹಾಗೆ ಹೊರಗೆ ಎಸೆಯುವುದೂ ಕಡಿಮೆಯಾಗುತ್ತದೆ. ನನ್ನನ್ನು ಕೇಳಿದರೆ ಮೂಟೆಯ ದೊಡ್ಡ ಉಪಕಾರ ಅದೇ.

ಮೂಟೆ ಹಾಕದೆ ಟೈರು ಬದಲಿಸಿದರೆ? ಒಳ್ಳೇ ಚಳಿಗಾಲದ ಟೈರಿನಿಂದ ಅದೇ ಹಿಮದ ಮೇಲೆ ಅಂಕಿ 0.2ರಿಂದ 0.3ಕ್ಕೆ ಏರಿತು ಎಂದುಕೊಳ್ಳಿ. ಎಳೆತ 240, ಏರು 12 ಅಡಿ. ಇನ್ನು ಗೆಳೆಯ ಹೇಳುವ ಫೋರ್ ಬೈ ಫೋರ್. ಅಲ್ಲಿ ನಾಲ್ಕೂ ಗಾಲಿ ಎಳೆಯುವುದರಿಂದ ಇಡೀ 2000 ಕೆ.ಜಿ. ಕೆಲಸಕ್ಕೆ ಬರುತ್ತದೆ. ಹಳೇ ಟೈರಿನಲ್ಲೇ 20 ಅಡಿ ಏರು! ಇದೆಲ್ಲ ಕಾಗದದ ಲೆಕ್ಕ. ಹಿಮ ಬೆಳಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಆದರೂ ಯಾವುದು ಎಷ್ಟು ಎನ್ನುವ ಅಂದಾಜು ಸಿಗುತ್ತದೆ.

ಹಾಗಾದರೆ ಗೆಳೆಯನೇ ಗೆದ್ದ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಇಷ್ಟು ಹೊತ್ತು ನಾವು ಗಾಡಿ ಹೊರಡುವ ಲೆಕ್ಕ ಮಾಡಿದೆವು. ನಿಲ್ಲುವ ಲೆಕ್ಕ ಮಾಡಲೇ ಇಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಗಾಡಿ ಸುಮಾರು 14 ಮೀಟರಿಗೆ ನಿಲ್ಲುತ್ತದೆ. 0.2ರ ಹಿಮದಲ್ಲಿ 49 ಮೀಟರ್. ಮಂಜುಗಡ್ಡೆ ಮೇಲೆ 98. ಈ ಲೆಕ್ಕದೊಳಗೆ ಫೋರ್ ಬೈ ಫೋರ್ ಎಲ್ಲೂ ಬರುವುದಿಲ್ಲ ನೋಡಿ. ಯಾವ ಗಾಡಿಗಾದರೂ ಬ್ರೇಕ್ ನಾಲ್ಕು ಗಾಲಿಗೂ ಇದ್ದೇ ಇರುತ್ತದೆ. ಮರಳಿನ ಮೂಟೆಯೂ ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ, ತೂಕ ಹೆಚ್ಚಿದಷ್ಟೂ ನಿಲ್ಲಿಸಬೇಕಾದ ಭಾರವೂ ಹೆಚ್ಚುತ್ತದೆ. ಟೈರು 0.3 ಕೊಟ್ಟರೆ 49 ಮೀಟರ್ ಇದ್ದದ್ದು 33ಕ್ಕೆ ಇಳಿಯುತ್ತದೆ. ಹದಿನಾರು ಮೀಟರ್ ಮೇಡಂ. ಮುಂದಿನ ಗಾಡಿಗೆ ಗುದ್ದುವುದಕ್ಕೂ ಗುದ್ದದೆ ಇರುವುದಕ್ಕೂ ಅಷ್ಟು ಸಾಕು.

ನಾನು ಮಿಲಿಟರಿಯಲ್ಲಿ ಎ.ಎಸ್.ಸಿ., ಅಂದರೆ ಸರಬರಾಜು ವಿಭಾಗದ ಡ್ರೈವರ್ ಆಗಿದ್ದವನು. ಲಡಾಖ್ ಕಡೆ ಸ್ಟಾಲಿಯನ್ ಲಾರಿ ಓಡಿಸಿದ್ದೇನೆ. ಅದೂ ಫೋರ್ ಬೈ ಫೋರೇ. ಚಳಿಗಾಲದಲ್ಲಿ ಹಳ್ಳದ ಪಕ್ಕಕ್ಕೆ ಮೂತಿ ತಿರುಗಿಸಿಕೊಂಡು ನಿಂತ ಗಾಡಿಗಳು ಅಲ್ಲಿ ಬೇಕಾದಷ್ಟು ಕಾಣುತ್ತಿದ್ದವು. ನಾಲ್ಕು ಗಾಲಿ ಎಳೆಯುವ ಗಾಡಿ ಸರಾಗವಾಗಿ ಹೊರಡುತ್ತದೆ. ರಸ್ತೆ ಚೆನ್ನಾಗಿದೆ ಎಂದು ಡ್ರೈವರ್ ನಂಬಿಬಿಡುತ್ತಾನೆ. ಬ್ರೇಕ್ ಹಿಡಿದಾಗಲೇ ಅವನಿಗೆ ರಸ್ತೆಯ ನಿಜ ಗೊತ್ತಾಗುವುದು. ಹಿಂದಿನ ಗಾಲಿಯ ಗಾಡಿ ಪಾಪ, ಹೊರಡುವಾಗಲೇ ಜಾರಿ ಎಚ್ಚರಿಕೆ ಕೊಟ್ಟುಬಿಡುತ್ತದೆ.

ಆದ್ದರಿಂದ ನಿಮ್ಮ ಮಗನಿಗೆ ಹೇಳಿ: ದುಡ್ಡು ಮೊದಲು ಟೈರಿಗೆ. ಗಾಡಿ ಮಾರುವುದು ಆಮೇಲೆ ನೋಡೋಣ.

ಟೈರು ಕೊಳ್ಳುವಾಗ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ಇದೆಯೇ ನೋಡಬೇಕು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟೈರಿಗೆ ಆ ಗುರುತು. ಬರೀ ಎಂ ಪ್ಲಸ್ ಎಸ್ ಎಂದಿದ್ದರೆ ಹಲ್ಲಿನ ಆಕಾರ ಕೆಸರು, ಹಿಮಕ್ಕೆ ಹೊಂದುವಂತಿದೆ ಎಂದಷ್ಟೇ ಅರ್ಥ. ಎರಡೂ ಒಂದೇ ಎಂದು ಅಂಗಡಿಯವರು ಹೇಳಿದರೆ ನಂಬುವುದು ಬೇಡ. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಒದ್ದೆ ಬಚ್ಚಲಲ್ಲಿ ನಡೆದ ಹಾಗೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಹಲ್ಲುಗಳ ಮೇಲೆ ಬ್ಲೇಡಿನಲ್ಲಿ ಸೀಳಿದಂಥ ಸಣ್ಣ ಸಣ್ಣ ಗೆರೆಗಳಿರುತ್ತವೆ. ಹಿಮ ಕಚ್ಚುವುದು ಆ ಗೆರೆಗಳ ಅಂಚು.

ನಾಲ್ಕಕ್ಕೆ ನಾಲ್ಕೂ ಹಾಕಿಸಬೇಕು. ಹಿಂದಿನ ಗಾಲಿ ತಾನೇ ಎಳೆಯುವುದು, ಎರಡು ಸಾಕು ಎಂದು ಉಳಿತಾಯ ಮಾಡಲು ಹೋಗುತ್ತಾರೆ. ಆಗ ಗಾಡಿ ಚೆನ್ನಾಗಿ ಹೊರಡುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ನೆಟ್ಟಗೆ ಹೋಗುತ್ತದೆ. ಅಗಲವಾದ ಟೈರು ಬೇಡವೇ ಬೇಡ. ಕಂಪನಿ ಒಪ್ಪಿರುವ ಅಳತೆಗಳಲ್ಲಿ ಕಿರಿದಾದದ್ದು ಸಿಕ್ಕರೆ ಅದೇ ಒಳ್ಳೆಯದು, ಹಿಮವನ್ನು ಸೀಳಿ ಕೆಳಗಿನ ನೆಲ ಮುಟ್ಟುತ್ತದೆ. ಕ್ಯಾಲ್ಗರಿ ಇರುವುದು ಆಲ್ಬರ್ಟಾದಲ್ಲಿ, ಅಲ್ಲಿ ಚಳಿಗಾಲದ ಟೈರು ಕಡ್ಡಾಯವಲ್ಲ. ಆದರೆ ಪಶ್ಚಿಮಕ್ಕೆ ಬೆಟ್ಟ ದಾಟಿ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದರೆ ಅಲ್ಲಿನ ಘಾಟಿ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಬೇಕೇ ಬೇಕು, ಹಲ್ಲು ಕನಿಷ್ಠ 3.5 ಮಿ.ಮೀ. ಉಳಿದಿರಬೇಕು. ಕೆಲಸದ ಮೇಲೆ ಆ ಕಡೆ ಹೋಗುವುದಿದ್ದರೆ ತಿಳಿದಿರಲಿ.

ಗಾಳಿಯ ವಿಷಯವನ್ನೂ ಮರೆಯಬಾರದು. ಚಳಿ 10 ಡಿಗ್ರಿ ಹೆಚ್ಚಿದರೆ ಟೈರಿನಲ್ಲಿ ಹತ್ತಿರ ಹತ್ತಿರ 2 ಪಿಎಸ್‌ಐ ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನೊಳಗೆ 20 ಡಿಗ್ರಿಯಲ್ಲಿ 35 ತುಂಬಿಸಿ, ಹೊರಗೆ ಮೈನಸ್ 20ಕ್ಕೆ ತಂದು ನಿಲ್ಲಿಸಿದರೆ ಅದು 28ರ ಹತ್ತಿರ ಬಂದಿರುತ್ತದೆ. ಗಾಡಿ ಹೊರಗೆ ತಣ್ಣಗಾಗಿರುವಾಗಲೇ ಅಳೆಯಬೇಕು.

ಈಗ ಮತ್ತೆ ಮೂಟೆಗೆ. ಟೈರು ಹಾಕಿಸಿದ ಮೇಲೂ ಮೂಟೆ ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ಇಡುತ್ತಾನೆ ಎನ್ನುವುದು ಮುಖ್ಯ. ಎತ್ತಿ ಹಾಕಲು ಸುಲಭ ಎಂದು ಜನ ಹಿಂಬಾಗಿಲ ಹತ್ತಿರವೇ ಬಿಸಾಕುತ್ತಾರೆ. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 3.6 ಮೀಟರ್ ಇದೆ ಎನ್ನಿ. ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದೆ 150 ಕೆ.ಜಿ. ಇಟ್ಟರೆ ಅದು ಸನ್ನೆಕೋಲಾಗಿ ಮುಂದಿನ ಗಾಲಿಗಳ ಮೇಲಿಂದ 40 ಕೆ.ಜಿ.ಗೂ ಹೆಚ್ಚು ಭಾರವನ್ನು ಎತ್ತಿಬಿಡುತ್ತದೆ. ಗಾಡಿ ತಿರುಗಿಸುವುದು ಆ ಮುಂದಿನ ಗಾಲಿಗಳು. ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದ್ದೇ. ಎರಡು ಗಾಲಿಗಳ ಮೇಲಿನ ಉಬ್ಬುಗಳು ಬಾಡಿಯೊಳಗೆ ಕಾಣುತ್ತವಲ್ಲ, ಅವುಗಳ ನಡುವೆ ಇಡಬೇಕು. ಚೂರು ಮುಂದಾದರೂ ಪರವಾಗಿಲ್ಲ, ಹಿಂದೆ ಬೇಡ.

ಬೆಲ್ಟ್ ಹಾಕಿ ಬಿಗಿಯಲೇಬೇಕು. ಬ್ರೇಕ್ ಹಿಡಿದಾಗ ಬಿಡಿ ಮೂಟೆ ಕ್ಯಾಬಿನ್ನಿನ ಬೆನ್ನಿಗೆ ಬಂದು ಗುದ್ದುತ್ತದೆ. ಇಟ್ಟಿಗೆ, ಕಾಂಕ್ರೀಟ್ ತುಂಡು, ಹಳೇ ಕಬ್ಬಿಣ ಹಾಕುವವರಿದ್ದಾರೆ. ಅಪಘಾತವಾದರೆ ಅವು ಗುಂಡಿನ ಹಾಗೆ ಹಾರುತ್ತವೆ. ಬಿದ್ದ ಹಿಮವೇ ಬಾಡಿಯಲ್ಲಿ ತುಂಬಿಕೊಂಡಿರಲಿ, ಪುಕ್ಕಟೆ ತೂಕ ಎನ್ನುವ ಜಾಣರೂ ಇದ್ದಾರೆ. ಅದು ಕರಗುತ್ತದೆ, ಗಟ್ಟಿಯಾಗುತ್ತದೆ, ಹಿಂದಿನವರ ಗಾಜಿನ ಮೇಲೆ ಬೀಳುತ್ತದೆ. ಮರಳೇ ವಾಸಿ. ಅದು ಒಣಗಿರಬೇಕು, ನೀರು ಕುಡಿದ ಮರಳು ಆ ಚಳಿಗೆ ಬಂಡೆಯಾಗುತ್ತದೆ. ಸಿಕ್ಕಿಹಾಕಿಕೊಂಡಾಗ ಒಂದು ಮೂಟೆ ಬಿಚ್ಚಿ ಗಾಲಿ ಮುಂದೆ ಚೆಲ್ಲಿದರೆ ಗಾಡಿ ಎದ್ದು ಬರುತ್ತದೆ, ಇದು ಕಬ್ಬಿಣದಿಂದ ಆಗುವ ಕೆಲಸವಲ್ಲ. ಮರಳು ಎಂದ ಕೂಡಲೇ ನಮಗೆ ಹೊಳೆ, ಪರ್ಮಿಟ್ಟು, ಎಂ-ಸ್ಯಾಂಡು ನೆನಪಾಗುತ್ತದೆ. ಅಲ್ಲಿ ಇದೇ ಕೆಲಸಕ್ಕೆಂದು ಉದ್ದನೆಯ ಚೀಲಗಳಲ್ಲಿ ತುಂಬಿಸಿ ಅಂಗಡಿಯಲ್ಲಿ ಮಾರುತ್ತಾರೆ. ಒಂದು ಚೀಲ ಸುಮಾರು 27 ಕೆ.ಜಿ. ಐದಾರು ಚೀಲ ಸಾಕು. ಅವನ ಹೀಟರ್ ಸಾಮಾನು, ಟೂಲ್ ಪೆಟ್ಟಿಗೆ ಹೇಗೂ ಇವೆಯಲ್ಲ, ಅವನ್ನೂ ಆ ಉಬ್ಬುಗಳ ನಡುವೆಯೇ ಕೂರಿಸಲಿ. ಆಗ ಮೂರು ಚೀಲಕ್ಕೇ ಕೆಲಸವಾದೀತು.

ಓಡಿಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಾಲು ಮೆತ್ತಗಿರಬೇಕು ಅಷ್ಟೇ. ಎರಡನೇ ಗೇರಿನಲ್ಲಿ ಹೊರಡಲಿ. ಆಟೊಮ್ಯಾಟಿಕ್ ಆದರೆ ಹಿಮದ ಮೋಡ್ ಇದೆಯೇ ನೋಡಲಿ. ಇಳಿಜಾರಿನಲ್ಲಿ ದಿಢೀರನೆ ಕೆಳಗಿನ ಗೇರಿಗೆ ಎಳೆದರೆ ಹಿಂದಿನ ಗಾಲಿ ಕಚ್ಚಿಕೊಂಡು ಹಿಂಭಾಗ ಮುಂದಕ್ಕೆ ಬರುತ್ತದೆ, ಅದು ಬೇಡ. ಹೂತುಕೊಂಡರೆ ಮೊದಲು ಹೊಗೆ ಪೈಪಿನ ಬಾಯಿಂದ ಹಿಮ ತೆಗೆಯಲಿ. ಅದು ಮುಚ್ಚಿದ್ದಾಗ ಇಂಜಿನ್ ಓಡಿಸಿಕೊಂಡು ಒಳಗೆ ಬೆಚ್ಚಗೆ ಕೂತವರು ವಿಷಗಾಳಿ ಕುಡಿದು ಸಾಯುತ್ತಾರೆ. ಇದು ಹೆದರಿಸಲು ಹೇಳುತ್ತಿರುವ ಮಾತಲ್ಲ.

ಇನ್ನೊಂದು. ಕ್ಯಾಲ್ಗರಿಯಲ್ಲಿ ಚಿನೂಕ್ ಎಂಬ ಬಿಸಿಗಾಳಿ ಬೆಟ್ಟದ ಕಡೆಯಿಂದ ಬೀಸುತ್ತದೆ. ಕೆಲವೇ ಗಂಟೆಯಲ್ಲಿ ಚಳಿ ಓಡಿಹೋಗಿ ಹಿಮ ಕರಗಿ ರಸ್ತೆಯೆಲ್ಲ ನೀರು. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮಾರನೇ ಬೆಳಗ್ಗೆ ರಸ್ತೆ ಬರೀ ಒದ್ದೆಯಾದ ಹಾಗೆ ಕಾಣುತ್ತದೆ, ಆದರೆ ಅದು ಗಾಜಿನಂಥ ಮಂಜುಗಡ್ಡೆ. ಮೈನಸ್ 25ರಲ್ಲಿ ಇರುವ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿ ಹತ್ತಿರದ ಮಂಜುಗಡ್ಡೆಯೇ ಹೆಚ್ಚು ಜಾರುತ್ತದೆ. ಇವತ್ತು ಚಳಿ ಕಡಿಮೆ ಅಮ್ಮಾ ಎಂದು ಮಗ ಫೋನಿನಲ್ಲಿ ಹೇಳಿದ ದಿನವೇ ನೀವು ನಿಧಾನ ಕಣಪ್ಪಾ ಎನ್ನಬೇಕು.

ಪ್ರಶ್ನೆ: ಅಣ್ಣ, ನಂದು ಎಳನೀರು ವ್ಯಾಪಾರ. ಬೊಲೆರೊ ಪಿಕಪ್ ಇದೆ. ನಾಲೆ ಬಯಲಿನ ತೋಟಗಳಿಗೆ ಹೋಗಿ ಕಾಯಿ ತುಂಬಿಕೊಂಡು ಮದ್ದೂರು ಮಾರ್ಕೆಟ್ಟಿಗೆ ತರ್ತೀನಿ. ಮಳೆ ಬಿದ್ದ ಮಾರನೇ ದಿನ ಖಾಲಿ ಹೋದ್ರೆ ಜಾರ್ತದೆ, ತುಂಬಿಕೊಂಡು ಬಂದ್ರೆ ಹೂತ್ಕೊಳ್ತದೆ. ಟ್ರ್ಯಾಕ್ಟರ್‌ನವರಿಗೆ ದುಡ್ಡು ಕೊಟ್ಟು ಕೊಟ್ಟು ಸಾಕಾಗಿದೆ. ಒಂದು ಗಾಲಿ ಸುತ್ತುತ್ತೆ, ಇನ್ನೊಂದು ಸುಮ್ನೆ ನಿಂತಿರುತ್ತೆ. ಗಾಡಿ ಕೆಟ್ಟಿದೆಯಾ?
– ಎಳನೀರು ವ್ಯಾಪಾರಿ, ಮದ್ದೂರು

ಉತ್ತರ: ಗಾಡಿ ಕೆಟ್ಟಿಲ್ಲ ತಮ್ಮಾ. ಅದು ಇರುವುದೇ ಹಾಗೆ. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಅದಕ್ಕಾಗಿ ಹಿಂದೆ ಡಿಫರೆನ್ಶಿಯಲ್ ಇಟ್ಟಿದ್ದಾರೆ. ಅದು ಎರಡೂ ಗಾಲಿಗೆ ಒಂದೇ ಸಮ ಬಲ ಹಂಚುತ್ತದೆ. ಕೆಸರಿನಲ್ಲಿರುವ ಗಾಲಿ ತಡೆಯೇ ಇಲ್ಲದೆ ಸುತ್ತುತ್ತಿದ್ದರೆ ಅದಕ್ಕೆ ಬೇಕಾಗುವ ಬಲ ಬಹಳ ಕಡಿಮೆ. ಗಟ್ಟಿ ನೆಲದ ಮೇಲಿರುವ ಗಾಲಿಗೂ ಅಷ್ಟೇ ಸಿಗುತ್ತದೆ. ಅಷ್ಟರಲ್ಲಿ ಗಾಡಿ ಅಲ್ಲಾಡುವುದಿಲ್ಲ. ಮೇಲೆ ಮೈಸೂರಿನ ಮೇಡಂ ಮಗನ ಗಾಡಿಯಲ್ಲೂ ಇದೇ ನಡೆಯುತ್ತದೆ, ಅಲ್ಲಿ ಹಿಮ, ಇಲ್ಲಿ ಕೆಸರು.

ಒಂದು ಹಳೇ ಉಪಾಯ ಇದೆ. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಮಾತ್ರ ಎಳೆದು, ಮೊದಲನೇ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಡು. ಬ್ರೇಕ್ ಎರಡೂ ಹಿಂದಿನ ಗಾಲಿಗೆ ತಡೆ ಕೊಡುತ್ತದೆ. ಸುತ್ತುತ್ತಿದ್ದ ಗಾಲಿಗೂ ತಡೆ ಸಿಕ್ಕಾಗ ಇಂಜಿನ್ ಜಾಸ್ತಿ ಬಲ ಕೊಡಲೇಬೇಕು, ಅದು ಆ ಕಡೆ ಗಾಲಿಗೂ ಹೋಗುತ್ತದೆ. ಕೇಬಲ್ಲಿನ ಹ್ಯಾಂಡ್‌ಬ್ರೇಕ್ ಸರಿಯಾಗಿ ಅಡ್ಜಸ್ಟ್ ಆಗಿದ್ದರೆ ಈ ಉಪಾಯ ನಡೆಯುತ್ತದೆ. ನಮ್ಮ ಗ್ಯಾರೇಜಿಗೆ ಬರುವ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಕೆಲಸ ಮಾಡುವುದೇ ಅಪರೂಪ, ಅದು ಬೇರೆ ಮಾತು. ಹೊರಗೆ ಬಂದ ಕೂಡಲೇ ಬಿಟ್ಟುಬಿಡು, ಇಲ್ಲದಿದ್ದರೆ ಬ್ರೇಕ್ ಲೈನರ್ ಸುಟ್ಟುಹೋಗುತ್ತದೆ. ಥಾರ್‌ನಂಥ ಗಾಡಿಗಳಲ್ಲಿ ಈ ಕೆಲಸವನ್ನು ತಾನಾಗಿಯೇ ಮಾಡುವ ಲಾಕಿಂಗ್ ಡಿಫರೆನ್ಶಿಯಲ್ ಬರುತ್ತದೆ. ನಿನ್ನ ಪಿಕಪ್‌ಗೆ ಹೊರಗಿನಿಂದ ಕೂರಿಸಲು ಹೋಗಬೇಡ, ಆ ದುಡ್ಡಿನಲ್ಲಿ ಎರಡು ಒಳ್ಳೇ ಟೈರು ಬರುತ್ತದೆ.

ಖಾಲಿ ಗಾಡಿ ಜಾರುವುದಕ್ಕೂ ತುಂಬಿದ ಗಾಡಿ ಹೂತುಕೊಳ್ಳುವುದಕ್ಕೂ ಮದ್ದು ಒಂದೇ ಅಲ್ಲ. ಹಿಮ ತುಳಿದಷ್ಟೂ ಗಟ್ಟಿಯಾಗುತ್ತದೆ, ಭಾರ ಹಾಕಿದರೆ ಲಾಭ. ನಾಲೆ ಬಯಲಿನ ಗದ್ದೆ ಮಣ್ಣು ತುಳಿದಷ್ಟೂ ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮರಳಿನ ಮೂಟೆ ನಿನಗಲ್ಲ. ಖಾಲಿ ಹೋಗುವಾಗ ಹಿಂದಿನ ಟೈರಿನ ಗಾಳಿ ಸ್ವಲ್ಪ ಇಳಿಸು. ಲೋಡಿಗೆಂದು ಕಲ್ಲಿನ ಹಾಗೆ ತುಂಬಿಸಿರುತ್ತೀಯ, ಖಾಲಿ ಗಾಡಿಗೆ 30 ಸಾಕು. ಟೈರು ಅಗಲವಾಗಿ ಕೂತು ನೆಲ ಹಿಡಿಯುತ್ತದೆ. ತುಂಬಿದ ಗಾಡಿಯಲ್ಲಿ ಮಾತ್ರ ಈ ಆಟ ಬೇಡ, ಟೈರಿನ ಪಕ್ಕದ ಗೋಡೆ ಒಡೆಯುತ್ತದೆ. ಅಂದರೆ ತೋಟದಲ್ಲೇ ಗಾಳಿ ತುಂಬಿಕೊಳ್ಳುವ ಸಣ್ಣ ಪಂಪು ಗಾಡಿಯಲ್ಲಿರಬೇಕು. ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ಸಿಗುತ್ತದೆ.

ತುಂಬುವಾಗ ಗಾಡಿಯನ್ನು ತೋಟದ ನಡುವೆ ಒಯ್ಯುವ ಆಸೆ ಬಿಡು. ಗಟ್ಟಿ ಅಂಚಿನಲ್ಲಿ ನಿಲ್ಲಿಸಿ ಗೊನೆ ಹೊರಿಸು. ಆಳಿನ ಕೂಲಿ ಟ್ರ್ಯಾಕ್ಟರ್ ಬಾಡಿಗೆಗಿಂತ ಕಡಿಮೆ ಬೀಳುತ್ತದೆ. ಒಳಗೆ ಹೋಗಲೇಬೇಕಾದರೆ ಒಣಗಿದ ಸೋಗೆಯನ್ನು ಗಾಲಿ ದಾರಿಯುದ್ದಕ್ಕೂ ಅಡ್ಡಡ್ಡ ಹಾಸು. ತೆಂಗಿನ ತೋಟದಲ್ಲಿ ಅದಕ್ಕೇನು ಬರ? ಹೂತ ಮೇಲೆ ತುರುಕುವುದಕ್ಕಿಂತ ಮೊದಲೇ ಹಾಸುವುದು ಮೇಲು. ಹೂತಿತು ಎಂದು ಗೊತ್ತಾದ ಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆ. ಗಾಲಿ ಸುತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಡಿಫರೆನ್ಶಿಯಲ್‌ನ ಹೌಸಿಂಗ್ ಮಣ್ಣಿಗೆ ಕೂತರೆ ಆಮೇಲೆ ಟ್ರ್ಯಾಕ್ಟರೇ ಗತಿ. ಹಿಂದಿನ ಎರಡು ಟೈರು ಸವೆದಾಗ ಅಡ್ಡ ಹಲ್ಲಿನ ಲಗ್ ಟೈರು ಹಾಕಿಸು. ಹೈವೇಯಲ್ಲಿ ಸ್ವಲ್ಪ ಗೊಂಯ್ ಎನ್ನುತ್ತದೆ, ಇರಲಿ. ಇನ್ನು ಟ್ರ್ಯಾಕ್ಟರ್ ಎಳೆಯುವಾಗ ಹಗ್ಗವನ್ನು ಬಂಪರಿಗೆ ಕಟ್ಟಬೇಡ, ಚಾಸಿಯ ಹುಕ್ಕಿಗೆ ಕಟ್ಟು. ಹಗ್ಗದ ಹತ್ತಿರ ಯಾರನ್ನೂ ನಿಲ್ಲಿಸಬೇಡ. ತುಂಡಾದ ಹಗ್ಗ ಕಾಲು ಮುರಿಯುತ್ತದೆ.

ಪ್ರಶ್ನೆ: ಸರ್, ನಾವು ಗೆಳೆಯರು ಜನವರಿಯಲ್ಲಿ ಫೋರ್ ಬೈ ಫೋರ್ ಪಿಕಪ್‌ನಲ್ಲಿ ಮೈಸೂರಿನಿಂದ ಮನಾಲಿಗೆ ಹೋಗುತ್ತಿದ್ದೇವೆ. ಅಟಲ್ ಸುರಂಗ ದಾಟಿ ಸಿಸ್ಸು ನೋಡುವ ಆಸೆ. ಫೋರ್ ವೀಲ್ ಡ್ರೈವ್ ಇದ್ದ ಮೇಲೂ ಚೈನ್ ಬೇಕಾ? ಸೇಫ್ಟಿಗೆ ಇಲ್ಲಿಂದಲೇ ಫೋರ್ ಹೈ (ನಾಲ್ಕೂ ಗಾಲಿ ಎಳೆಯುವ, ಮಾಮೂಲಿ ವೇಗದ ಗೇರು) ಹಾಕಿಕೊಂಡು ಹೋಗಬಹುದಾ?
– ಕಾಲೇಜು ಹುಡುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಇಲ್ಲಿಂದಲೇ ಹಾಕಬೇಡ್ರಪ್ಪಾ! ನಮ್ಮ ಪಿಕಪ್‌ಗಳ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಬೀಗ ಹಾಕಿಕೊಳ್ಳುತ್ತವೆ. ಒಣ ರಸ್ತೆಯ ತಿರುವಿನಲ್ಲಿ ಎರಡಕ್ಕೂ ಬೇರೆ ಬೇರೆ ವೇಗ ಬೇಕು. ಜಾರಲು ಜಾಗವಿಲ್ಲದೆ ಗೇರುಗಳು ತಿರುಚಿಕೊಳ್ಳುತ್ತವೆ. ಟೈರು ಸವೆಯುತ್ತದೆ, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹೋಗುತ್ತದೆ. ಹಿಮ ಕಂಡ ಮೇಲೆ ಹಾಕಿ. ಹಾಕಿದ ಮಾತ್ರಕ್ಕೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಮೊದಲನೇ ಉತ್ತರದ ಲೆಕ್ಕ ಓದಿ.

ಚೈನ್ ಬೇಕು. ನಾವು ಮಿಲಿಟರಿಯಲ್ಲಿ ನಾನ್-ಸ್ಕಿಡ್ ಚೈನ್ ಎನ್ನುತ್ತಿದ್ದೆವು. ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಘಾಟಿಯ ಎತ್ತರ ಸುಮಾರು 3528 ಮೀಟರ್, ಅಷ್ಟೇನಲ್ಲ, ಅದಕ್ಕಿಂತ ಎತ್ತರದ ಘಾಟಿಗಳು ಲಡಾಖಿನಲ್ಲಿ ಎಷ್ಟೋ ಇವೆ. ಆದರೆ ಅಲ್ಲಿ ಬೀಳುವ ಹಿಮ ವಿಪರೀತ. ಬಿಸಿಲು ಬೀಳದ ತಿರುವುಗಳಲ್ಲಿ ಮಧ್ಯಾಹ್ನವೂ ಗಡ್ಡೆ ಕರಗುವುದಿಲ್ಲ. ಅಂಥ ಕಡೆ ಟೈರು ಎಷ್ಟೇ ಒಳ್ಳೆಯದಿರಲಿ, ಕಬ್ಬಿಣ ಕಚ್ಚಿದ ಹಾಗೆ ಕಚ್ಚುವುದಿಲ್ಲ. ಟೈರಿನ ಅಳತೆಗೆ ಸರಿಹೊಂದುವ ಚೈನನ್ನೇ ಕೊಳ್ಳಿ. ಹಿಂದಿನ ಗಾಲಿಗೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಮುಂಭಾಗ ಮಾತು ಕೇಳುವುದಿಲ್ಲ. ಮುಂದೆ ಮಾತ್ರ ಹಾಕಿದರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಗಾಡಿಯ ಪುಸ್ತಕದಲ್ಲಿ ಒಪ್ಪಿಗೆ ಇದ್ದರೆ ಎರಡು ಜೊತೆ ಒಯ್ಯಿರಿ, ಖರ್ಚು ಹಂಚಿಕೊಳ್ಳಲು ಹೇಗೂ ಗೆಳೆಯರಿದ್ದೀರಿ.

ಹೊರಡುವ ಮೊದಲು ಸರಸ್ವತಿಪುರಂ ಬೀದಿಯಲ್ಲೇ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಕತ್ತಲಲ್ಲಿ ಟಾರ್ಚ್ ಹಿಡಿದು ಚೈನ್ ಹಾಕಿ ಬಿಚ್ಚುವ ಅಭ್ಯಾಸ ಮಾಡಿ. ಅಕ್ಕಪಕ್ಕದವರು ನಗಲಿ. ಅಲ್ಲಿ ಬೆರಳು ಮರಗಟ್ಟಿದ ಮೇಲೆ ಕೊಂಡಿ ಎಲ್ಲಿ ಸಿಕ್ಕಿಸಬೇಕೆಂದು ಮೊಬೈಲ್ ನೋಡಲು ಆಗುವುದಿಲ್ಲ. ಚೈನ್ ಹಾಕಿದ ಮೇಲೆ ನೂರಿನ್ನೂರು ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಿರಿ, ಸಡಿಲವಾಗಿಯೇ ಆಗಿರುತ್ತದೆ. ಗಂಟೆಗೆ 40 ಕಿ.ಮೀ. ದಾಟಬೇಡಿ. ಬರೀ ಡಾಂಬರು ಸಿಕ್ಕ ಕೂಡಲೇ ಬಿಚ್ಚಿ.

ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ಶುರುವಾಯಿತು, 9.02 ಕಿ.ಮೀ. ಉದ್ದ. ಒಳಗೆ ರಸ್ತೆ ಚೆನ್ನಾಗಿರುತ್ತದೆ. ಜನ ಅದೇ ವೇಗದಲ್ಲಿ ಆ ಕಡೆ ಬಾಯಿಂದ ಹೊರಗೆ ಬರುತ್ತಾರೆ, ಅಲ್ಲಿ ರಸ್ತೆ ಬೇರೆಯೇ ಇರುತ್ತದೆ. ಬೆಳಕು ಕಂಡ ಕೂಡಲೇ ವೇಗ ಇಳಿಸಿ. ಹಿಮ ಬೀಳುತ್ತಿದ್ದರೆ ಸುರಂಗಕ್ಕೆ ಮೊದಲು ಸಿಗುವ ಸೋಲಂಗ್ ಕಡೆ ಪೊಲೀಸರು ಎಲ್ಲ ಗಾಡಿಯನ್ನೂ ಬಿಡುವುದಿಲ್ಲ. ಬೇಡ ಎಂದರೆ ವಾದ ಮಾಡದೆ ವಾಪಸ್ ಬಂದು ಚಹಾ ಕುಡಿಯಿರಿ.

ನಿಮ್ಮದು ಡೀಸೆಲ್ ಗಾಡಿ ಇರಬೇಕು. ಮೈಸೂರಿನ ಡೀಸೆಲ್ ಆ ಚಳಿಗೆ ಮೇಣಗಟ್ಟುತ್ತದೆ. ಟ್ಯಾಂಕಿನಲ್ಲಿ ಇಲ್ಲಿಯದನ್ನು ಉಳಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಖಾಲಿಯಾಗಲಿ, ಮೇಲೆ ಹೋದ ಮೇಲೆ ಅಲ್ಲಿಯದನ್ನು ತುಂಬಿಸಿ. ಮೈನಸ್ 33 ಡಿಗ್ರಿಯವರೆಗೂ ಗಟ್ಟಿಯಾಗದ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆ ತಂದಿತು. ನಮ್ಮ ಕಾಲದಲ್ಲಿ ಅಂಥದ್ದು ಇರಲಿಲ್ಲ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಅದು ಹಿಡಿದಲ್ಲೇ ಹೆಪ್ಪುಗಟ್ಟುತ್ತದೆ. ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಬರಬೇಡಿ ಮತ್ತೆ.

ಪ್ರಶ್ನೆ: ಚಳಿಗಾಲದ ಟೈರು ಅಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದರೆ ನಮ್ಮ ಮಳೆಗಾಲಕ್ಕೂ ಅದನ್ನೇ ಹಾಕಬಹುದಲ್ಲ? ಹೊರದೇಶದಿಂದ ಬರುವ ಸಂಬಂಧಿಕರ ಕೈಲಿ ತರಿಸಬೇಕೆಂದಿದ್ದೇನೆ.
– ಶ್ರೀರಂಗಪಟ್ಟಣದ ಓದುಗರು

ಉತ್ತರ: ಬೇಡ ಸ್ವಾಮಿ. ಆ ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಗೆಂದು ಮೆತ್ತಗೆ ಮಾಡಿದ್ದು. ಶ್ರೀರಂಗಪಟ್ಟಣದ ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಅದು ಬೇಗ ಸವೆದುಹೋಗುತ್ತದೆ, ಬ್ರೇಕ್ ಹಿಡಿದಾಗ ಹಲ್ಲುಗಳು ಮಡಚಿಕೊಂಡು ಗಾಡಿ ಇನ್ನೂ ಮುಂದೆ ಹೋಗಿ ನಿಲ್ಲುತ್ತದೆ. ನಮ್ಮ ಮಳೆಗೆ ಮಾಮೂಲಿ ಟೈರೇ ಸಾಕು, ಹಲ್ಲು ಇರಬೇಕು ಅಷ್ಟೇ. ಕಾನೂನಿನ ಪ್ರಕಾರ 1.6 ಮಿ.ಮೀ. ಸಾಕು. ನಾನು ನನ್ನ ಗಿರಾಕಿಗಳಿಗೆ 3 ಮಿ.ಮೀ.ಗೇ ಬದಲಿಸಿ ಎನ್ನುತ್ತೇನೆ. ಸಂಬಂಧಿಕರ ಕೈಲಿ ಟೈರಿನ ಬದಲು ಗಾಳಿ ಅಳೆಯುವ ಒಳ್ಳೇ ಗೇಜ್ ತರಿಸಿಕೊಳ್ಳಿ, ಜೇಬಿನಲ್ಲಿ ಹಿಡಿಸುತ್ತದೆ.